ಫೋಕಸ್‌ನಿಂದ ಆಕಾರ: ಚಿತ್ರಗಳ ಸ್ಪಷ್ಟತೆಯಿಂದ ಮೂರು ಆಯಾಮದ ರೂಪ

ಒಂದೇ ಕ್ಯಾಮೆರಾದಿಂದ, ಫೋಕಸ್ಸನ್ನು ಹಂತಹಂತವಾಗಿ ಸರಿಸುತ್ತ ತೆಗೆದ ಹಲವು ಚಿತ್ರಗಳನ್ನು ಹೋಲಿಸಿ ವಸ್ತುವಿನ ಮೇಲ್ಮೈಯ ಉಬ್ಬುತಗ್ಗುಗಳನ್ನು ಲೆಕ್ಕಹಾಕುವ ವಿಧಾನಕ್ಕೆ ಫೋಕಸ್‌ನಿಂದ ಆಕಾರ ಎಂದು ಹೆಸರು. ಇದು ಕಂಪ್ಯೂಟರ್ ದೃಷ್ಟಿ ಎಂಬ ಶಾಸ್ತ್ರದ ಒಂದು ಶಾಖೆ. ಮೇಲ್ಮೈಯ ಪ್ರತಿಯೊಂದು ಬಿಂದುವೂ ಈ ಸಾಲಿನ ಯಾವುದೋ ಒಂದು ಚಿತ್ರದಲ್ಲಿ ಅತ್ಯಂತ ಸ್ಪಷ್ಟವಾಗಿ ಮೂಡುತ್ತದೆ. ಅದು ಯಾವ ಚಿತ್ರ ಎಂದು ಗೊತ್ತಾದರೆ ಆ ಬಿಂದುವಿನ ದೂರ ಗೊತ್ತಾದಂತೆ. ಹೀಗೆ ಬಿಂದುಬಿಂದುವಿನ ದೂರವನ್ನು ಜೋಡಿಸಿದಾಗ ಆಳನಕ್ಷೆ ಸಿಗುತ್ತದೆ. ಜೊತೆಗೆ, ಎಲ್ಲ ಭಾಗಗಳೂ ಸ್ಪಷ್ಟವಾಗಿರುವ ಒಂದು ಚಿತ್ರವೂ ಸಿದ್ಧವಾಗುತ್ತದೆ.

ವಸ್ತುವನ್ನು ಮುಟ್ಟದೆ, ಎರಡನೆಯ ಕ್ಯಾಮೆರಾ ಇಲ್ಲದೆ, ಲೇಸರ್ ಇಲ್ಲದೆ ಅಳೆಯಬಹುದಾದುದರಿಂದ ಸೂಕ್ಷ್ಮದರ್ಶಕದಡಿಯ ಲೋಹದ ತುಣುಕಿನಿಂದ ಹಿಡಿದು ನೇಯ್ಗೆಯ ಬಟ್ಟೆ, ಕೊರೆದ ಕಲ್ಲುಗಳವರೆಗೆ ಈ ವಿಧಾನ ಹೊಂದುತ್ತದೆ. ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆ ಕನ್ನಡ, ತೆಲುಗು ಎರಡೂ ಮಾತು ಕೇಳಿಬರುವ ಗಡಿನಾಡು. ಅಲ್ಲಿನ ಸೀರೆಗಳು, ಮುಡುಮಾಲಿನ ನಿಲುಗಲ್ಲುಗಳು, ಆಲಂಪುರದ ಶಾಸನಗಳು ಈ ವಿಧಾನದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಬಲ್ಲ ವಸ್ತುಗಳು.

ತತ್ತ್ವ

ಶಾಲೆಯ ಭೌತಶಾಸ್ತ್ರದಲ್ಲಿ ಕಲಿಯುವ ಮಸೂರದ ಸೂತ್ರವೇ ಇದಕ್ಕೆ ಬುನಾದಿ. ಸಂಗಮದೂರದ ವಿಲೋಮವು ವಸ್ತುದೂರ ಮತ್ತು ಪ್ರತಿಬಿಂಬದೂರಗಳ ವಿಲೋಮಗಳ ಮೊತ್ತಕ್ಕೆ ಸಮ. ಅಂದರೆ ಒಂದು ನಿರ್ದಿಷ್ಟ ದೂರದಲ್ಲಿರುವ ಬಿಂದುವಿನ ಪ್ರತಿಬಿಂಬ ಮಸೂರದ ಹಿಂದೆ ಒಂದೇ ಒಂದು ಜಾಗದಲ್ಲಿ ಚೊಕ್ಕವಾಗಿ ಕೂಡುತ್ತದೆ. ಕ್ಯಾಮೆರಾದ ಸಂವೇದಕ ಆ ಜಾಗದಲ್ಲಿದ್ದರೆ ಬಿಂದು ಬಿಂದುವಾಗಿಯೇ ಕಾಣುತ್ತದೆ. ಹಿಂದೆ ಮುಂದೆ ಸರಿದರೆ ಅದು ಹರಡಿ ಮಸುಕಿನ ವೃತ್ತವಾಗುತ್ತದೆ. ಪ್ರತಿಬಿಂಬ ಕೂಡುವ ಜಾಗಕ್ಕೂ ಸಂವೇದಕಕ್ಕೂ ಇರುವ ಅಂತರವನ್ನು ಪ್ರತಿಬಿಂಬದೂರದಿಂದ ಭಾಗಿಸಿ, ಮಸೂರದ ಕಿಂಡಿಯ ವ್ಯಾಸದಿಂದ ಗುಣಿಸಿದರೆ ಈ ವೃತ್ತದ ವ್ಯಾಸ ಬರುತ್ತದೆ.

ಒಂದು ಲೆಕ್ಕ ನೋಡಿದರೆ ವಿಷಯ ತಿಳಿಯಾಗುತ್ತದೆ. ಸಂಗಮದೂರ 50 ಮಿ.ಮೀ., ಕಿಂಡಿಯ ವ್ಯಾಸ 25 ಮಿ.ಮೀ. ಇರುವ ಮಸೂರವನ್ನು 500 ಮಿ.ಮೀ. ದೂರಕ್ಕೆ ಫೋಕಸ್ ಮಾಡಿದ್ದೇವೆ ಎನ್ನೋಣ. ಆಗ 510 ಮಿ.ಮೀ. ದೂರದಲ್ಲಿರುವ ಬಿಂದು ಸುಮಾರು 54 ಮೈಕ್ರಾನ್ ಅಗಲದ ಮಸುಕಿನ ವೃತ್ತವಾಗುತ್ತದೆ. 5 ಮೈಕ್ರಾನಿನ ಪಿಕ್ಸೆಲ್‌ಗಳ ಸಂವೇದಕದಲ್ಲಿ ಅದು ಸುಮಾರು 11 ಪಿಕ್ಸೆಲ್. ಇಷ್ಟು ದೊಡ್ಡ ವ್ಯತ್ಯಾಸವನ್ನು ಕಂಪ್ಯೂಟರ್ ಸುಲಭವಾಗಿ ಗುರುತಿಸುತ್ತದೆ. ವಸ್ತುವನ್ನು 5 ಮೀಟರ್ ದೂರಕ್ಕೆ ಒಯ್ದು ಅದೇ 10 ಮಿ.ಮೀ. ವ್ಯತ್ಯಾಸವನ್ನು ಹುಡುಕಿದರೆ ವೃತ್ತದ ಅಗಲ ಸುಮಾರು ಅರ್ಧ ಮೈಕ್ರಾನ್ ಮಾತ್ರ, ಒಂದು ಪಿಕ್ಸೆಲ್‌ನ ಹತ್ತನೇ ಒಂದು ಭಾಗ. ದೂರ ಹತ್ತು ಪಟ್ಟಾದರೆ ಸುಳಿವು ಹೆಚ್ಚುಕಡಿಮೆ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಿಂಡಿಯನ್ನು ಕಿರಿದು ಮಾಡಿದರೂ ಮಸುಕು ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ.

ಛಾಯಾಗ್ರಾಹಕರು ಎಲ್ಲವೂ ಸ್ಪಷ್ಟವಾಗಿರಲಿ ಎಂದು ಕಿಂಡಿಯನ್ನು ಕಿರಿದುಗೊಳಿಸುವುದುಂಟು. ಇಲ್ಲಿ ಬೇಕಾದುದು ಅದಕ್ಕೆ ವಿರುದ್ಧ: ಅಗಲವಾದ ಕಿಂಡಿ, ಹತ್ತಿರದ ವಸ್ತು, ಬೇಗ ಏರಿ ಬೇಗ ಇಳಿಯುವ ಸ್ಪಷ್ಟತೆ. ಚಿತ್ರದ ದೋಷವೆಂದು ತಳ್ಳಿಹಾಕುವ ಮಸುಕೇ ಇಲ್ಲಿ ಅಳತೆಗೋಲು.

ಕಾರ್ಯವಿಧಾನ

ಮೊದಲ ಹೆಜ್ಜೆ ಚಿತ್ರಸಾಲನ್ನು ತೆಗೆಯುವುದು. ಮಸೂರವನ್ನು, ಸಂವೇದಕವನ್ನು, ಇಲ್ಲವೇ ವಸ್ತುವನ್ನು ಇಟ್ಟಿರುವ ಹಲಗೆಯನ್ನು ಸಮನಾದ ಸಣ್ಣ ಹಂತಗಳಲ್ಲಿ ಸರಿಸಿ ಪ್ರತಿ ಹಂತದಲ್ಲೂ ಒಂದು ಚಿತ್ರ ತೆಗೆಯಲಾಗುತ್ತದೆ. ಹಂತದ ಗಾತ್ರ ಮಸೂರದ ಸ್ಪಷ್ಟತೆಯ ಆಳಕ್ಕಿಂತ, ಅಂದರೆ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ದೂರದ ವ್ಯಾಪ್ತಿಗಿಂತ, ಕಡಿಮೆ ಇರಬೇಕು. ಇಲ್ಲದಿದ್ದರೆ ಕೆಲವು ಬಿಂದುಗಳು ಯಾವ ಚಿತ್ರದಲ್ಲೂ ಸ್ಪಷ್ಟವಾಗದೆ ಉಳಿಯುತ್ತವೆ.

ಎರಡನೆಯ ಹೆಜ್ಜೆ ಸ್ಪಷ್ಟತೆಯನ್ನು ಅಂಕಿಯಾಗಿಸುವುದು. ಫೋಕಸ್ ಆದ ಜಾಗದಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಬೆಳಕು ಥಟ್ಟನೆ ಬದಲಾಗುತ್ತದೆ. ಮಸುಕಾದ ಜಾಗದಲ್ಲಿ ಮೆಲ್ಲಗೆ ಬದಲಾಗುತ್ತದೆ. ಈ ಏರಿಳಿತವನ್ನು ಅಳೆಯುವ ಸೂತ್ರಕ್ಕೆ ಫೋಕಸ್ ಅಳತೆ ಎನ್ನುತ್ತಾರೆ. ಬೆಳಕಿನ ಇಳಿಜಾರಿನ ವರ್ಗಗಳನ್ನು ಕೂಡಿಸುವ ಟೆನೆನ್‌ಗ್ರಾಡ್, ಒಂದು ಚೌಕದೊಳಗಿನ ಬೆಳಕಿನ ವಿಚಲನ, ಎರಡನೆಯ ವ್ಯತ್ಯಾಸಗಳನ್ನು ಆಧರಿಸಿದ ಲಾಪ್ಲಾಸಿಯನ್ ಇವು ಹೆಸರಾದವು. ಸಾಮಾನ್ಯ ಲಾಪ್ಲಾಸಿಯನ್‌ನಲ್ಲಿ ಅಡ್ಡ ದಿಕ್ಕಿನ ಬದಲಾವಣೆಯೂ ಉದ್ದ ದಿಕ್ಕಿನ ಬದಲಾವಣೆಯೂ ವಿರುದ್ಧ ಚಿಹ್ನೆಯವಾಗಿದ್ದರೆ ಒಂದನ್ನೊಂದು ಅಳಿಸಿಬಿಡಬಹುದು. ಅದನ್ನು ತಪ್ಪಿಸಲು ಎರಡರ ಬೆಲೆಯನ್ನೂ ಚಿಹ್ನೆ ಬಿಟ್ಟು ಕೂಡಿಸುವ ಪರಿಷ್ಕೃತ ಲಾಪ್ಲಾಸಿಯನ್ ರೂಪುಗೊಂಡಿತು. ಹಾಸು ಹೊಕ್ಕುಗಳ ಗೆರೆಗಳೇ ತುಂಬಿರುವ ಬಟ್ಟೆಯಂಥ ಮೇಲ್ಮೈಗೆ ಈ ತಿದ್ದುಪಡಿ ಬಹಳ ಮುಖ್ಯ. 2013ರಲ್ಲಿ ಪೆರ್ತುಸ್, ಪುಯ್ಗ್, ಗಾರ್ಸಿಯಾ ಎಂಬ ಸಂಶೋಧಕರು ಇಂಥ 36 ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದರು.

ಮೂರನೆಯ ಹೆಜ್ಜೆ ಶಿಖರವನ್ನು ಹುಡುಕುವುದು. ಒಂದು ಪಿಕ್ಸೆಲ್‌ನ ಫೋಕಸ್ ಅಳತೆಯನ್ನು ಚಿತ್ರಸಾಲಿನುದ್ದಕ್ಕೂ ಗುರುತಿಸಿದರೆ ಗುಡ್ಡದಾಕಾರದ ವಕ್ರರೇಖೆ ಬರುತ್ತದೆ. ಅದರ ತುದಿಯೇ ಆ ಬಿಂದುವಿನ ಜಾಗ. ನಿಜವಾದ ತುದಿ ಎರಡು ಹಂತಗಳ ನಡುವೆ ಬೀಳಬಹುದು. ಆದ್ದರಿಂದ ಅತಿ ಹೆಚ್ಚು ಬೆಲೆಯ ಚಿತ್ರ ಮತ್ತು ಅದರ ಹಿಂದು ಮುಂದಿನ ಎರಡು ಚಿತ್ರಗಳ ಬೆಲೆಗಳ ಮೂಲಕ ಒಂದು ಗಾಸಿಯನ್ ವಕ್ರವನ್ನು ಹಾಯಿಸಿ ತುದಿಯನ್ನು ನಿರ್ಧರಿಸುತ್ತಾರೆ. ಹೀಗೆ ಹಂತದ ಗಾತ್ರಕ್ಕಿಂತಲೂ ನಯವಾದ ಅಳತೆ ಸಾಧ್ಯವಾಗುತ್ತದೆ.

ಬೆಳವಣಿಗೆ

ಯಂತ್ರ ತಾನೇ ಫೋಕಸ್ ಮಾಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯಿಂದ ಈ ವಿಧಾನ ಹುಟ್ಟಿತು. 1968ರಲ್ಲಿ ಎಂ.ಐ.ಟಿ.ಯ ಬರ್ತೋಲ್ಡ್ ಹಾರ್ನ್ ಫೋಕಸ್ ಕುರಿತು ಒಂದು ಟಿಪ್ಪಣಿ ಬರೆದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೆ. ಎಂ. ಟೆನೆನ್‌ಬಾಮ್ ತಮ್ಮ ಪ್ರಬಂಧದಲ್ಲಿ ಇಳಿಜಾರು ಆಧರಿಸಿದ ಅಳತೆಯನ್ನು ಬಳಸಿದರು. ಟೆನೆನ್‌ಗ್ರಾಡ್ ಎಂಬ ಹೆಸರು ಅವರಿಂದಲೇ ಬಂದದ್ದು. 1987ರಲ್ಲಿ ಎರಿಕ್ ಕ್ರಾಟ್‌ಕಾವ್ ಮತ್ತು ಪಿ. ಗ್ರಾಸ್‌ಮನ್ ಬೇರೆಬೇರೆಯಾಗಿ ಫೋಕಸ್‌ನಿಂದ ದೂರವನ್ನು ಅಳೆಯುವ ಕೆಲಸವನ್ನು ಪ್ರಕಟಿಸಿದರು.

ಇಡೀ ಮೇಲ್ಮೈಯ ಆಕಾರವನ್ನು ಪಡೆಯುವ ಕ್ರಮವನ್ನು ಖಚಿತಗೊಳಿಸಿದವರು ಭಾರತ ಮೂಲದ ಶ್ರೀ ಕೆ. ನಾಯರ್ ಮತ್ತು ಜಪಾನಿನ ಯಸುವೊ ನಾಕಗಾವಾ. ರಾಂಚಿಯ ಮೇಸ್ರಾದಲ್ಲಿ ಎಂಜಿನಿಯರಿಂಗ್ ಓದಿ ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ನಾಯರ್, ಪರಿಷ್ಕೃತ ಲಾಪ್ಲಾಸಿಯನ್ ಮತ್ತು ಗಾಸಿಯನ್ ತುದಿಯ ಲೆಕ್ಕವನ್ನು ಸೂಕ್ಷ್ಮದರ್ಶಕಕ್ಕೆ ಅಳವಡಿಸಿದರು. 1994ರಲ್ಲಿ ಪ್ರಕಟವಾದ ಇವರಿಬ್ಬರ ಲೇಖನದ ಕ್ರಮವನ್ನೇ ಇಂದಿಗೂ ಸಾಂಪ್ರದಾಯಿಕ ವಿಧಾನವೆಂದು ಕರೆಯುತ್ತಾರೆ.

ಅದರ ಮುಖ್ಯ ಕೊರತೆಯನ್ನು 1995ರಲ್ಲಿ ಮುರಳೀಧರ ಸುಬ್ಬರಾವ್ ಮತ್ತು ಟೇ ಚೋಯ್ ಎತ್ತಿ ತೋರಿಸಿದರು. ಸುಬ್ಬರಾವ್ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಸ್ಟೋನಿ ಬ್ರೂಕ್ ಕೇಂದ್ರದವರು. ಫೋಕಸ್ ಅಳತೆಯನ್ನು ಲೆಕ್ಕಹಾಕಲು ಪಿಕ್ಸೆಲ್‌ನ ಸುತ್ತ ಒಂದು ಚಿಕ್ಕ ಚೌಕ ಬೇಕು. ಸಾಂಪ್ರದಾಯಿಕ ವಿಧಾನ ಆ ಚೌಕದೊಳಗಿನ ಮೇಲ್ಮೈ ಚಪ್ಪಟೆಯಾಗಿದೆ, ಕ್ಯಾಮೆರಾಕ್ಕೆ ನೇರವಾಗಿ ಎದುರಾಗಿದೆ ಎಂದು ಭಾವಿಸುತ್ತದೆ. ಇಳಿಜಾರಿನಲ್ಲಿ ಇದು ನಿಜವಲ್ಲ. ಚೌಕದ ಒಂದು ಬದಿ ಒಂದು ಚಿತ್ರದಲ್ಲಿ ಸ್ಪಷ್ಟವಾದರೆ ಇನ್ನೊಂದು ಬದಿ ಮತ್ತೊಂದರಲ್ಲಿ ಸ್ಪಷ್ಟವಾಗುತ್ತದೆ. ಚಿತ್ರಗಳನ್ನೆಲ್ಲ ಒಂದರ ಹಿಂದೊಂದು ನಿಲ್ಲಿಸಿ ಘನವಾಗಿ ಕಲ್ಪಿಸಿಕೊಂಡರೆ, ಎಲ್ಲ ಬಿಂದುಗಳೂ ಸ್ಪಷ್ಟವಾಗಿರುವ ಒಂದು ವಕ್ರ ಮೇಲ್ಮೈ ಅದರೊಳಗೆ ಹಾದುಹೋಗುತ್ತದೆ. ಸುಬ್ಬರಾವ್ ಮತ್ತು ಚೋಯ್ ಹುಡುಕಿದ್ದು ಈ ಮೇಲ್ಮೈಯನ್ನೇ. ಮೊದಲು ಹಳೆಯ ಕ್ರಮದಿಂದ ಒಂದು ಅಂದಾಜು ಪಡೆದು, ಆ ಬಳಿಕ ಪ್ರತಿ ಬಿಂದುವಿನ ಸುತ್ತ ಓರೆಯಾದ ಸಣ್ಣ ಸಮತಲಗಳನ್ನು ಪರೀಕ್ಷಿಸಿ, ಸ್ಪಷ್ಟತೆಯ ಮೊತ್ತ ಅತಿ ಹೆಚ್ಚಾಗುವ ಓರೆಯನ್ನು ಆರಿಸಿದರು. ನಿಖರತೆ ಹೆಚ್ಚಿತು, ಲೆಕ್ಕದ ಹೊರೆಯೂ ಹೆಚ್ಚಿತು. ಆ ಹೊರೆಯನ್ನು ಇಳಿಸಲು ಮುಂದಿನ ವರ್ಷಗಳಲ್ಲಿ ನರಜಾಲ, ಡೈನಾಮಿಕ್ ಪ್ರೋಗ್ರಾಮಿಂಗ್ ಮೊದಲಾದ ದಾರಿಗಳು ಬಂದವು.

ಹತ್ತಿರದ ಸಂಬಂಧಿಯಾದ ಇನ್ನೊಂದು ವಿಧಾನ ಮಸುಕಿನಿಂದ ಆಳ. 1987ರಲ್ಲಿ ಅಲೆಕ್ಸ್ ಪೆಂಟ್‌ಲೆಂಡ್ ಇದಕ್ಕೆ ದಾರಿ ತೆರೆದರು. ಇದರಲ್ಲಿ ಹತ್ತಾರು ಚಿತ್ರಗಳ ಬದಲು ಬೇರೆಬೇರೆ ಕಿಂಡಿ ಇಲ್ಲವೇ ಫೋಕಸ್‌ನ ಎರಡು ಮೂರು ಚಿತ್ರಗಳು ಸಾಕು. ಅವುಗಳ ಮಸುಕಿನ ವ್ಯತ್ಯಾಸದಿಂದ ದೂರವನ್ನು ಲೆಕ್ಕಹಾಕಲಾಗುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಆದರೆ ಮಸೂರದ ಮಸುಕಿನ ಗುಣವನ್ನು ಮೊದಲೇ ಚೆನ್ನಾಗಿ ಅರಿತಿರಬೇಕು. ಐ.ಐ.ಟಿ. ಬಾಂಬೆಯ ಸುಭಾಸಿಸ್ ಚೌಧುರಿ ಮತ್ತು ಎ. ಎನ್. ರಾಜಗೋಪಾಲನ್ 1999ರಲ್ಲಿ ಈ ವಿಷಯದ ಬಗ್ಗೆ ಒಂದು ಪೂರ್ಣ ಗ್ರಂಥವನ್ನೇ ಪ್ರಕಟಿಸಿದರು. ರಾಜಗೋಪಾಲನ್ ಮುಂದೆ ಐ.ಐ.ಟಿ. ಮದರಾಸಿನಲ್ಲಿ ನೆಲೆಸಿ, ಚಿತ್ರಸಾಲು ತೆಗೆಯುವಾಗ ದೃಶ್ಯ ಪಕ್ಕಕ್ಕೆ ಸರಿದಂತಾಗುವ ದೋಷವನ್ನು ನಿಭಾಯಿಸುವ ಬಗೆಯನ್ನು ಆರ್. ಆರ್. ಸಹಾಯ್ ಅವರೊಡನೆ ರೂಪಿಸಿದರು.

2015ರಲ್ಲಿ ಸುವಜನಕೋರ್ನ್ ಮತ್ತು ಸಂಗಡಿಗರು ಕೈಯಲ್ಲಿ ಹಿಡಿದ ಮೊಬೈಲ್ ಫೋನಿನ ಚಿತ್ರಸಾಲಿನಿಂದಲೇ ಆಳನಕ್ಷೆ ತೆಗೆಯಬಹುದೆಂದು ತೋರಿಸಿದರು. 2018ರಲ್ಲಿ ಮ್ಯೂನಿಕ್‌ನ ತಂಡವೊಂದು ಆಳ ಕಲಿಕೆಯ ನರಜಾಲವನ್ನು ಇದಕ್ಕೆ ತರಬೇತುಗೊಳಿಸಿತು. ಕೈಗಾರಿಕೆಯಲ್ಲಿ ಇದೇ ತತ್ತ್ವದ ಅಳತೆಯಂತ್ರಗಳಿಗೆ 2015ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಐ.ಎಸ್.ಒ. 25178ರ 606ನೇ ಭಾಗ ಹೊರಬಂತು.

ಮಿತಿಗಳು

ಈ ವಿಧಾನಕ್ಕೆ ಮೇಲ್ಮೈಯಲ್ಲಿ ಸೂಕ್ಷ್ಮ ವಿನ್ಯಾಸ ಇರಲೇಬೇಕು. ಬಿಳಿ ಗೋಡೆ, ನಯವಾದ ಪಿಂಗಾಣಿ, ಒಂದೇ ಬಣ್ಣದ ಪ್ಲಾಸ್ಟಿಕ್ ಇವು ಸ್ಪಷ್ಟವಾದಾಗಲೂ ಮಸುಕಾದಾಗಲೂ ಒಂದೇ ತೆರನಾಗಿ ಕಾಣುವುದರಿಂದ ವಕ್ರರೇಖೆಗೆ ತುದಿಯೇ ಇರುವುದಿಲ್ಲ. ಇದಕ್ಕೆ ಪರಿಹಾರವಾಗಿ ಮೇಲ್ಮೈಯ ಮೇಲೆ ಸಣ್ಣ ಚೌಕಳಿಯ ಬೆಳಕನ್ನು ಚೆಲ್ಲುವ ಕ್ರಮವನ್ನು ನಾಯರ್ ತಂಡ 1990ರ ದಶಕದಲ್ಲಿ ರೂಪಿಸಿತು.

ಚೌಕದ ಗಾತ್ರದ ಆಯ್ಕೆ ಎರಡನೆಯ ಕಷ್ಟ. ದೊಡ್ಡ ಚೌಕ ಗದ್ದಲವನ್ನು ತಗ್ಗಿಸುತ್ತದೆ, ಆದರೆ ಅಂಚುಗಳನ್ನು ಸವೆಸಿಬಿಡುತ್ತದೆ. ಚಿಕ್ಕ ಚೌಕ ವಿವರವನ್ನು ಉಳಿಸುತ್ತದೆ, ಆದರೆ ಸುಳ್ಳು ತುದಿಗಳನ್ನು ಹುಟ್ಟಿಸುತ್ತದೆ. ಫೋಕಸ್ ಸರಿಸಿದಾಗ ಚಿತ್ರದ ಹಿಗ್ಗುವಿಕೆಯೂ ಬದಲಾಗುವುದು ಮೂರನೆಯದು. ಒಂದೇ ಬಿಂದು ಬೇರೆ ಚಿತ್ರದಲ್ಲಿ ಬೇರೆ ಪಿಕ್ಸೆಲ್‌ಗೆ ಸರಿಯುತ್ತದೆ. 1997ರಲ್ಲಿ ವಾತನಾಬೆ ಮತ್ತು ನಾಯರ್, ಮಸೂರದ ಮುಂದಿನ ಸಂಗಮಬಿಂದುವಿನಲ್ಲಿ ಕಿಂಡಿಯನ್ನಿಟ್ಟರೆ ಈ ಬದಲಾವಣೆ ಇಲ್ಲವಾಗುವುದನ್ನು ತೋರಿಸಿದರು. ಹೊಳಪು ನಾಲ್ಕನೆಯ ಕಷ್ಟ. ಲೋಹದ ಮಿನುಗು ಸಂವೇದಕವನ್ನು ತುಂಬಿಸಿ ಅಲ್ಲಿಯ ಏರಿಳಿತವನ್ನೇ ಅಳಿಸುತ್ತದೆ.

ನಾರಾಯಣಪೇಟೆ, ಗದ್ವಾಲ್ ಸೀರೆಗಳ ನೇಯ್ಗೆ

ಬಟ್ಟೆಯ ಮೇಲ್ಮೈ ಈ ವಿಧಾನಕ್ಕೆ ಸಹಜವಾಗಿ ಒಗ್ಗುತ್ತದೆ. ಹಾಸು ಹೊಕ್ಕುಗಳ ಎಳೆಗಳು, ಅವುಗಳ ಹುರಿ, ಮೇಲೆದ್ದ ನಾರು ಎಲ್ಲವೂ ಸೂಕ್ಷ್ಮ ವಿನ್ಯಾಸವನ್ನು ತಾವೇ ಒದಗಿಸುತ್ತವೆ. ಗದ್ವಾಲ್ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಒಡಲಿನ ಹೊಕ್ಕನ್ನೂ ಅಂಚಿನ ಹೊಕ್ಕನ್ನೂ ಮಗ್ಗದ ಮೇಲೆಯೇ ಒಂದಕ್ಕೊಂದು ಕೊಕ್ಕೆ ಹಾಕಿಸಿ ನೇಯುವ ಕುಟ್ಟು ಕ್ರಮ ಅದರ ಹೆಗ್ಗುರುತು. ನಾರಾಯಣಪೇಟೆ ಸೀರೆಗೆ ಚೌಕಳಿ ಒಡಲು, ಗುಡಿಯ ಗೋಪುರದಂತೆ ಏರಿಳಿಯುವ ಅಂಚು ಹೆಸರು ತಂದಿವೆ. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ.

80ನೇ ನಂಬರಿನ ಹತ್ತಿ ನೂಲಿನ ದಪ್ಪ ಸುಮಾರು 0.1 ಮಿ.ಮೀ. ಒಂದು ಎಳೆ ಇನ್ನೊಂದರ ಮೇಲೆ ಹಾಯುವಲ್ಲಿ ಒಟ್ಟು ಏರಿಳಿತ 0.2 ಮಿ.ಮೀ. ಆಸುಪಾಸು. ಹತ್ತು ಪಟ್ಟು ಹಿಗ್ಗಿಸುವ, ಸಂಖ್ಯಾ ಅಪರ್ಚರ್ (ಮಸೂರ ಎಷ್ಟು ಅಗಲದ ಕೋನದಿಂದ ಬೆಳಕನ್ನು ಹಿಡಿಯುತ್ತದೆ ಎಂಬುದರ ಅಳತೆ) 0.25 ಇರುವ ಸಾಮಾನ್ಯ ಸೂಕ್ಷ್ಮದರ್ಶಕದ ಮಸೂರಕ್ಕೆ ಸ್ಪಷ್ಟತೆಯ ಆಳ ಸುಮಾರು 9 ಮೈಕ್ರಾನ್. 5 ಮೈಕ್ರಾನ್ ಹಂತದಲ್ಲಿ 60 ಚಿತ್ರ ತೆಗೆದರೆ 0.3 ಮಿ.ಮೀ. ಆಳ ಪೂರ್ತಿ ದಕ್ಕುತ್ತದೆ. ಆಗ ಕುಟ್ಟಿನ ಜಾಗದಲ್ಲಿ ಹತ್ತಿ ಮತ್ತು ರೇಷ್ಮೆಯ ಎಳೆಗಳು ಯಾವುದರ ಮೇಲೆ ಯಾವುದು ಹಾಯ್ದಿವೆ, ಕೊಕ್ಕೆ ಎಷ್ಟು ಬಿಗಿಯಾಗಿದೆ ಎಂಬುದನ್ನು ಎಳೆ ಬಿಚ್ಚದೆ ಓದಬಹುದು. ಕೈಮಗ್ಗದ ಕೊಕ್ಕೆಯನ್ನು ವಿದ್ಯುತ್ ಮಗ್ಗದ ಅನುಕರಣೆಯಿಂದ ಬೇರ್ಪಡಿಸಲು ರಚನೆಯೇ ಸಾಕ್ಷಿ. ಬಣ್ಣವನ್ನೂ ಚಿತ್ತಾರವನ್ನೂ ಯಂತ್ರ ಅನುಕರಿಸಬಹುದು, ಎಳೆಗಳ ಜೋಡಣೆಯನ್ನು ಅದೇ ರೀತಿ ಅನುಕರಿಸುವುದು ಕಷ್ಟ.

ಕಷ್ಟವಿರುವುದು ಜರಿಯಲ್ಲಿ. ಜರಿಯ ಮಿನುಗು ಫೋಕಸ್ ಅಳತೆಯನ್ನು ದಾರಿ ತಪ್ಪಿಸುತ್ತದೆ. ಸುತ್ತಲಿಂದ ಹರಡಿದ ಮೃದು ಬೆಳಕು, ಅಡ್ಡ ಧ್ರುವೀಕರಣದ ಫಿಲ್ಟರ್, ಬೇರೆಬೇರೆ ಬೆಳಕಿನ ಅವಧಿಯ ಚಿತ್ರಗಳನ್ನು ಕೂಡಿಸುವುದು ಇದಕ್ಕೆ ಉಪಾಯಗಳು. ಒಂದು ಸಲಕ್ಕೆ ಕಾಣುವ ಜಾಗ ಒಂದೆರಡು ಮಿ.ಮೀ. ಮಾತ್ರ. ಆದ್ದರಿಂದ ಇಡೀ ಸೀರೆಗಲ್ಲ, ಕುಟ್ಟು, ಅಂಚಿನ ತಿರುವು, ಸೆರಗಿನ ಜೋಡಣೆಯಂಥ ಆಯ್ದ ಜಾಗಗಳಿಗೆ ಇದು ತಕ್ಕದ್ದು.

ಮುಡುಮಾಲಿನ ಕಲ್ಲು, ಆಲಂಪುರದ ಅಕ್ಷರ

ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ, ಮಕ್ತಲ್‌ನಿಂದ ರಾಯಚೂರಿನ ಕಡೆಗಿರುವ ನದೀತೀರದ ಊರು ಮುಡುಮಾಲ್. ಅಲ್ಲಿನ ಬೃಹತ್ ಶಿಲಾಯುಗದ ನೆಲೆಯಲ್ಲಿ 10ರಿಂದ 14 ಅಡಿ ಎತ್ತರದ ನಿಲುಗಲ್ಲುಗಳು, ಸಾಲಾಗಿ ನೆಟ್ಟ ಸಾವಿರಾರು ಚಿಕ್ಕ ಕಲ್ಲುಗಳು ಇವೆ. ಒಂದು ಬಂಡೆಯ ಮೇಲಿನ ಕುಳಿಗಳು ಸಪ್ತರ್ಷಿ ಮಂಡಲವನ್ನು ಹೋಲುತ್ತವೆಂದು ಹೈದರಾಬಾದ್ ವಿಶ್ವವಿದ್ಯಾಲಯದ ಕೆ. ಪಿ. ರಾವ್ ಗುರುತಿಸಿದರು. 2025ರಲ್ಲಿ ಈ ನೆಲೆ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಇಡೀ ನಿಲುಗಲ್ಲನ್ನು ಅಳೆಯಲು ಫೋಕಸ್ ವಿಧಾನ ಸಲ್ಲದು. ಕಲ್ಲು ಪೂರ್ತಿ ಕಾಣಬೇಕಾದರೆ ಹಲವು ಮೀಟರ್ ಹಿಂದೆ ನಿಲ್ಲಬೇಕು, ಅಷ್ಟು ದೂರದಲ್ಲಿ ಮಸುಕಿನ ಸುಳಿವೇ ಉಳಿಯುವುದಿಲ್ಲ. ಅಲ್ಲಿಗೆ ಸುತ್ತಲಿಂದ ತೆಗೆದ ಚಿತ್ರಗಳನ್ನು ಹೊಂದಿಸುವ ಫೋಟೊಗ್ರಾಮೆಟ್ರಿ ಇಲ್ಲವೇ ಲೇಸರ್ ಸ್ಕ್ಯಾನ್ ಸರಿಯಾದ ದಾರಿ. ಕುಳಿಗಳ ಮಾತು ಬೇರೆ. ಅರ್ಧ ಮೀಟರ್ ದೂರದಿಂದ, ಮೇಲೆ ಹೇಳಿದ 50 ಮಿ.ಮೀ. ಮಸೂರದಲ್ಲಿ, 1 ಮಿ.ಮೀ. ಆಳದ ವ್ಯತ್ಯಾಸ ಸುಮಾರು ಒಂದು ಪಿಕ್ಸೆಲ್ ಮಸುಕಾಗಿ ಕಾಣುತ್ತದೆ. ಇನ್ನೂ ಹತ್ತಿರ ಹೋದರೆ ಅಳತೆ ಇನ್ನೂ ನಯವಾಗುತ್ತದೆ. ಕಣಶಿಲೆಯ ಮೈಯ ಕಪ್ಪು ಬಿಳುಪು ಹರಳುಗಳು ಫೋಕಸ್ ಅಳತೆಗೆ ಬೇಕಾದ ವಿನ್ಯಾಸವನ್ನು ಧಾರಾಳವಾಗಿ ಕೊಡುತ್ತವೆ. ಕುಳಿಯ ಆಳ, ಅಂಚಿನ ಸವೆತ, ಕುಟ್ಟಿದ ಗುರುತುಗಳನ್ನು ಹೀಗೆ ದಾಖಲಿಸಿದರೆ ಮನುಷ್ಯನ ಕೈ ಮಾಡಿದ ಕುಳಿಗೂ ಮಳೆಗಾಳಿ ಮಾಡಿದ ಕುಳಿಗೂ ಇರುವ ವ್ಯತ್ಯಾಸವನ್ನು ಅಂಕಿಗಳಲ್ಲಿ ಚರ್ಚಿಸಬಹುದು.

ಜೋಗುಳಾಂಬ ಗದ್ವಾಲ್ ಜಿಲ್ಲೆಯ ಆಲಂಪುರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿವೆ. ಕನ್ನಡ ಶಾಸನಗಳೂ ಅಲ್ಲಿ ದೊರೆತಿವೆ. ಶ್ರೀಶೈಲ ಜಲಾಶಯದಲ್ಲಿ ಮುಳುಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ್ದೂ ಆಲಂಪುರದಲ್ಲೇ. ಕಲ್ಲನ್ನು ಅಳೆದು ದಾಖಲಿಸುವುದು ಈ ಸೀಮೆಗೆ ಎಷ್ಟು ಅಗತ್ಯ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಶಾಸನತಜ್ಞರು ತಲೆಮಾರುಗಳಿಂದ ಕಾಗದ ಮತ್ತು ಶಾಯಿಯಲ್ಲಿ ಪಡಿಯಚ್ಚು ತೆಗೆಯುತ್ತ ಬಂದಿದ್ದಾರೆ. ಪಡಿಯಚ್ಚು ಅಕ್ಷರದ ಹೊರಗೆರೆಯನ್ನು ಕೊಡುತ್ತದೆ, ಕೊರೆತದ ಆಳವನ್ನು ಕೊಡುವುದಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರ್‌ನಿಂದ ದಾಖಲಿಸುವ ಯೋಜನೆಯನ್ನು 2021ರಿಂದ ನಡೆಸುತ್ತಿದೆ. ಇಡೀ ಕಲ್ಲಿಗೆ ಅದೇ ತಕ್ಕ ಮಾದರಿ. ಸವೆದು ಅನುಮಾನಕ್ಕೆ ಎಡೆಯಾದ ಒಂದೆರಡು ಅಕ್ಷರಗಳ ಮೇಲೆ ಮ್ಯಾಕ್ರೊ ಮಸೂರವಿಟ್ಟು ಚಿತ್ರಸಾಲು ತೆಗೆದರೆ ಉಳಿಯ ಏಟಿನ ಆಳದಿಂದ ದೀರ್ಘ, ಒತ್ತು, ಸೊನ್ನೆಗಳನ್ನು ಕಲ್ಲಿನ ಸಹಜ ಬಿರುಕಿನಿಂದ ಬೇರ್ಪಡಿಸಲು ನೆರವಾಗುತ್ತದೆ.

ಬೇರೆ ವಿಧಾನಗಳೊಡನೆ ಹೋಲಿಕೆ

ಎರಡು ಕ್ಯಾಮೆರಾಗಳ ಸ್ಟೀರಿಯೊ ವಿಧಾನದಲ್ಲಿ ಒಂದು ಚಿತ್ರದ ಬಿಂದುವನ್ನು ಇನ್ನೊಂದರಲ್ಲಿ ಹುಡುಕಬೇಕು. ಫೋಕಸ್ ವಿಧಾನದಲ್ಲಿ ಆ ಹುಡುಕಾಟವಿಲ್ಲ, ಒಂದು ಕಣ್ಣಿಗೆ ಕಂಡು ಇನ್ನೊಂದಕ್ಕೆ ಮರೆಯಾಗುವ ತೊಂದರೆಯೂ ಕಡಿಮೆ. ರಾಬರ್ಟ್ ವುಡ್‌ಹ್ಯಾಮ್ 1980ರಲ್ಲಿ ವಿವರಿಸಿದ ಫೋಟೊಮೆಟ್ರಿಕ್ ಸ್ಟೀರಿಯೊ ಬೆಳಕಿನ ದಿಕ್ಕು ಬದಲಿಸಿ ಇಳಿಜಾರನ್ನು ಅಳೆಯುತ್ತದೆ. ಬೆಳಕನ್ನು ಓರೆಯಾಗಿ ತಿರುಗಿಸಿ ಅಕ್ಷರ ಓದಲು 2001ರ ಹೊತ್ತಿಗೆ ಟಾಮ್ ಮಾಲ್ಜ್‌ಬೆಂಡರ್ ರೂಪಿಸಿದ ಕ್ರಮವು ಶಾಸನಗಳಿಗೆ ಬಹಳ ಉಪಯುಕ್ತ, ಆದರೆ ಅದು ನೇರವಾಗಿ ಆಳವನ್ನು ಕೊಡುವುದಿಲ್ಲ. ಮಾರ್ವಿನ್ ಮಿನ್‌ಸ್ಕಿ 1957ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಫೋಕಸ್ ಆಚೆಯ ಬೆಳಕನ್ನು ರಂಧ್ರದಿಂದಲೇ ತಡೆಯುತ್ತದೆ, ಅದರ ಬೆಲೆ ಹೆಚ್ಚು.

ಫೋಕಸ್ ವಿಧಾನಕ್ಕೆ ಬೇಕಾದ ಸಲಕರಣೆ ಕಡಿಮೆ. ಗಟ್ಟಿಯಾದ ಮುಕ್ಕಾಲಿ, ಕ್ಯಾಮೆರಾವನ್ನು ಅಳತೆಯಂತೆ ಸರಿಸುವ ಹಳಿ, ಮ್ಯಾಕ್ರೊ ಮಸೂರ, ಹರಡಿದ ಬೆಳಕು ಇವಿಷ್ಟು ಸಾಕು. ಉಚಿತವಾಗಿ ಸಿಗುವ ಇಮೇಜ್‌ಜೆ ತಂತ್ರಾಂಶಕ್ಕೆ ಸ್ವಿಟ್ಜರ್ಲೆಂಡಿನ ಲೌಸಾನ್‌ನ ತಂತ್ರಜ್ಞಾನ ಸಂಸ್ಥೆ ತಯಾರಿಸಿದ ಒಂದು ಸೇರ್ಪಡೆ, ಚಿತ್ರಸಾಲಿನಿಂದ ಸ್ಪಷ್ಟ ಚಿತ್ರವನ್ನೂ ಎತ್ತರದ ನಕ್ಷೆಯನ್ನೂ ತೆಗೆದುಕೊಡುತ್ತದೆ.

ಉಪಸಂಹಾರ

ಹತ್ತಿರದ, ಚಿಕ್ಕ, ಒರಟು ಮೇಲ್ಮೈಗಳ ಅಳತೆಗೆ ಫೋಕಸ್ ವಿಧಾನದಷ್ಟು ಅಗ್ಗದ ಮತ್ತು ನಂಬಿಕೆಯ ದಾರಿ ಕಡಿಮೆ. ದೂರದ, ದೊಡ್ಡ, ನುಣುಪು ಮೇಲ್ಮೈಗಳಿಗೆ ಬೇರೆ ವಿಧಾನವನ್ನೇ ಹಿಡಿಯಬೇಕು. ಫೋಕಸ್ ವಿಧಾನವನ್ನು ಕೈಗೊಳ್ಳುವ ಕಾಲೇಜು, ವಸ್ತುಸಂಗ್ರಹಾಲಯ, ನೇಕಾರರ ಸಹಕಾರ ಸಂಘಗಳು ಒಂದು ನಿಯಮವನ್ನು ಬಿಡದೆ ಪಾಲಿಸುವುದು ಒಳ್ಳೆಯದು. ಕೊನೆಯ ಆಳನಕ್ಷೆಯನ್ನಷ್ಟೇ ಇಟ್ಟುಕೊಂಡು ಮೂಲ ಚಿತ್ರಗಳನ್ನು ಅಳಿಸಬಾರದು. ಪ್ರತಿ ಚಿತ್ರಸಾಲಿನ ಜೊತೆಗೆ ಮಸೂರದ ಸಂಗಮದೂರ, ಕಿಂಡಿಯ ಅಳತೆ, ಹಂತದ ಗಾತ್ರ, ಚಿತ್ರ ತೆಗೆದ ಜಾಗ ಮತ್ತು ದಿನಾಂಕವನ್ನು ಬರೆದಿಡಬೇಕು. ಸುಬ್ಬರಾವ್ ಮತ್ತು ಚೋಯ್ ಅವರ 1995ರ ವಿಧಾನ ನಾಯರ್ ಮತ್ತು ನಾಕಗಾವಾ ಅವರ 1994ರ ವಿಧಾನಕ್ಕಿಂತ ಹೆಚ್ಚು ನಿಖರವಾದ ಆಕಾರವನ್ನು ತೆಗೆದದ್ದು ಅದೇ ಬಗೆಯ ಚಿತ್ರಸಾಲಿನಿಂದ. ಇಂದು ಜತನದಿಂದ ಉಳಿಸಿದ ಚಿತ್ರಗಳನ್ನು ಮುಂದಿನ ವಿಧಾನಗಳು ಇನ್ನೂ ಚೆನ್ನಾಗಿ ಓದಬಲ್ಲವು.